ಅಡಿಕೆಯ ಹೆಸರು ಹೋದ ದಾರಿ

ಕಡೂರು, ಬೀರೂರು, ತರೀಕೆರೆಗಳ ನಡುವೆ ಓಡಾಡುವವರಿಗೆ ಬಿ.ಎಚ್. ರಸ್ತೆ ಎಂಬ ಹೆಸರು ಹೊಸದಲ್ಲ. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ. ಹೊನ್ನಾವರವನ್ನು ಕಣ್ಣಲ್ಲಿ ಕಾಣದ ಎಷ್ಟೋ ಜನ ದಿನವೂ ಅದರ ಹೆಸರಿನ ರಸ್ತೆಯಲ್ಲಿ ಹಾಲು ತರುತ್ತಾರೆ, ಬಸ್ಸು ಹಿಡಿಯುತ್ತಾರೆ. ಕಡೂರಿನ ಸುತ್ತ ತೆಂಗು. ತರೀಕೆರೆ ಹತ್ತಿರವಾದಂತೆ ಅಡಿಕೆ ತೋಟಗಳು ಒತ್ತಾಗುತ್ತವೆ. ಬೀರೂರಿನಲ್ಲಿ ಬಲಕ್ಕೆ ಹೊರಳಿ ಅಜ್ಜಂಪುರದ ಕಡೆ ಹೋದರೆ ಈರುಳ್ಳಿ ಬೆಳೆಯುವ ಬಯಲು. ಆ ಬಯಲಿನಲ್ಲೂ ಈಗ ಕೊಳವೆಬಾವಿ ಇದ್ದವರು ಅಡಿಕೆ ಸಸಿ ನೆಡುತ್ತಿದ್ದಾರೆ.

ಈ ರಸ್ತೆಯ ಬದಿಯಲ್ಲಿ ಸಸಿ ಮಾರುವ ಒಂದು ಕಡೆ ನಾವೊಮ್ಮೆ ಗಾಡಿ ನಿಲ್ಲಿಸಿದೆವು. ಕರಿಬೇವು, ದಾಸವಾಳ, ಗುಲಾಬಿಗಳ ಆಚೆ ಹತ್ತಿಪ್ಪತ್ತು ಕುಂಡಗಳಲ್ಲಿ ತೆಳ್ಳನೆಯ ಹಳದಿ ಕಾಂಡದ, ಗರಿಗರಿಯಾದ ಗಿಡಗಳಿದ್ದವು. ಹೆಸರು ಕೇಳಿದರೆ 'ಅರೆಕಾ' ಎಂದ ಹುಡುಗ. ಅರೆಕಾ ಎಂದರೆ ಅಡಿಕೆ ತಾನೇ ಎಂದೆವು. 'ಅಲ್ಲ ಸಾರ್, ಇದರಲ್ಲಿ ಕಾಯಿ ಬಿಡಲ್ಲ. ಇದು ಷೋ ಗಿಡ. ಅಡಿಕೆ ಸಸಿ ಬೇಕಾದರೆ ಆ ಕಡೆ ಇದೆ' ಎಂದು ಕೈ ತೋರಿಸಿದ. ಅವನು ಹೇಳಿದ್ದು ನಿಜ. ಆದರೆ ನಮ್ಮ ಪ್ರಶ್ನೆಯೂ ಪೂರಾ ತಪ್ಪಾಗಿರಲಿಲ್ಲ ಎಂಬುದು ಆಮೇಲೆ ತಿಳಿಯಿತು.

ಇದಾದ ಕೆಲವು ತಿಂಗಳಿಗೆ, ಬೆಂಗಳೂರಿನ ಕಾಲೇಜೊಂದರಲ್ಲಿ ಫ್ರೆಂಚ್ ಭಾಷೆ ಕಲಿಯುತ್ತಿದ್ದ ನಮ್ಮ ನೆಂಟರ ಹುಡುಗಿ ರಜೆಗೆ ತರೀಕೆರೆಗೆ ಬಂದಳು. ಅವಳ ಪಾಠದಲ್ಲಿ 'ನ್ವಾ ದಾರೆಕ್' ಎಂಬ ಮಾತು ಬಂದಿತ್ತಂತೆ. 'ನ್ವಾ' ಎಂದರೆ ಗಟ್ಟಿ ಸಿಪ್ಪೆಯ ಕಾಯಿ. 'ಅರೆಕ್' ಎಂದರೇನು ಎಂದು ನಿಘಂಟು ತೆಗೆದರೆ, ಬಿಸಿನಾಡುಗಳಲ್ಲಿ ಬೆಳೆಯುವ ಒಂದು ಮರದ ಹಣ್ಣು, ಅಲ್ಲಿನವರು ಎಲೆ ಸುಣ್ಣಗಳೊಡನೆ ಜಗಿಯುತ್ತಾರೆ ಎಂದಿತ್ತು. 'ಮಾಮು, ನಮ್ಮ ಹಿತ್ತಲಲ್ಲಿರೋದನ್ನ ನಾನು ಫ್ರೆಂಚ್ ಪುಸ್ತಕ ನೋಡಿ ತಿಳ್ಕೊಳ್ಳೋ ಹಾಗಾಯ್ತಲ್ಲ' ಎಂದು ನಕ್ಕಳು. ನಾವೂ ನಕ್ಕೆವು. ಆದರೆ ಆ ಪದ ತಲೆಯೊಳಗೆ ಕೂತುಬಿಟ್ಟಿತು. ಫ್ರೆಂಚರಿಗೆ ಅಡಿಕೆಯ ಹೆಸರು ಹೇಳಿಕೊಟ್ಟವರು ಯಾರು?

ಮೈಸೂರು ಸೀಮೆಯವರಾದ ನಮಗೆ ಫ್ರೆಂಚರು ಎಂದೊಡನೆ ಟಿಪ್ಪು ಸುಲ್ತಾನ್ ನೆನಪಾಗುತ್ತಾನೆ. ಅವನು ಕಳಿಸಿದ ರಾಯಭಾರಿಗಳು ಪ್ಯಾರಿಸ್ ಮುಟ್ಟಿದ್ದು 1788ರಲ್ಲಿ. ಆ ಗೆಳೆತನದ ಕಾಲದಲ್ಲೇ ಪದವೂ ಹೋಗಿರಬೇಕೆಂದು ಮೊದಲು ಅಂದುಕೊಂಡೆವು. ಹುಡುಕಿ ನೋಡಿದರೆ ಅದು ಟಿಪ್ಪುವಿಗಿಂತ ಎಷ್ಟೋ ಮೊದಲೇ ಹಡಗು ಹತ್ತಿತ್ತು. ಹತ್ತಿಸಿಕೊಂಡವರು ಫ್ರೆಂಚರಲ್ಲ, ಪೋರ್ಚುಗೀಸರು. 1498ರಲ್ಲಿ ಅವರು ಕಲ್ಲಿಕೋಟೆ ಮುಟ್ಟಿದ ಮೇಲೆ ಮಲಬಾರಿನ ಕರಾವಳಿಯಲ್ಲಿ ಕಿವಿಗೆ ಬಿದ್ದ ಹೆಸರು 'ಅಡಕ್ಕ'. ಅದು ಅವರ ಬಾಯಲ್ಲಿ 'ಅರೆಕಾ' ಆಯಿತು. ಫ್ರೆಂಚರು ಅದರ ಕೊನೆಯ ಸ್ವರವನ್ನು ಉದುರಿಸಿ 'ಅರೆಕ್' ಎಂದರು. ಇಂಗ್ಲಿಷಿನವರು ಹಾಗೆಯೇ ಉಳಿಸಿಕೊಂಡರು.

ಇಲ್ಲಿ ನಾವು ಎದೆ ತಟ್ಟಿಕೊಳ್ಳುವ ಮೊದಲು ಸ್ವಲ್ಪ ತಾಳಬೇಕು. ನಿಘಂಟುಗಳಲ್ಲಿ ಹೆಚ್ಚಿನವು ಈ ಪದದ ಮೂಲವನ್ನು ಮಲಯಾಳಂ ಎಂದೇ ಕೊಡುತ್ತವೆ. ಕೆಲವು ಕನ್ನಡದ ಹೆಸರನ್ನೂ ಪಕ್ಕದಲ್ಲಿ ಇಡುತ್ತವೆ. ಮಲಯಾಳದ ಅಡಕ್ಕ, ಕನ್ನಡದ ಅಡಿಕೆ ಅಥವಾ ಅಡಕೆ, ತಮಿಳಿನ ಅಡೈಕ್ಕಾಯ್ ಇವು ಒಂದೇ ತಾಯಿಯ ಮಕ್ಕಳು. ತಮಿಳಿನ ರೂಪ ನೋಡಿದರೆ ಪದದ ಒಳಗಿನ ಕಟ್ಟು ಕಾಣುತ್ತದೆ. ಕೊನೆಯಲ್ಲಿರುವುದು 'ಕಾಯಿ'. ಮೊದಲಿನ 'ಅಡೆ' ಎಂದರೆ ವೀಳ್ಯದ ಎಲೆ, ಎಲೆಯ ಜೊತೆಗಿನ ಕಾಯಿಯೇ ಅಡೆಕಾಯಿ ಎಂಬುದು ವಿದ್ವಾಂಸರು ಕೊಡುವ ಒಂದು ವಿವರಣೆ. ಕನ್ನಡದಲ್ಲಿ ಈ ಕಾಯಿ ಸವೆದು 'ಕೆ' ಆಗಿದೆ. ಫ್ರೆಂಚರ ಬಾಯಲ್ಲಿ ಇನ್ನೂ ಸವೆದು ಬರೀ 'ಕ್' ಉಳಿದಿದೆ. ಪ್ಯಾರಿಸ್ಸಿನ ಒಬ್ಬ ಅಂಗಡಿಯವನು 'ಅರೆಕ್' ಎಂದಾಗ ಕೊನೆಯಲ್ಲಿ ಕೇಳುವ ಆ ಸಣ್ಣ ಸದ್ದು ನಮ್ಮ ತೆಂಗಿನಕಾಯಿ, ಬದನೆಕಾಯಿಗಳ ಕಾಯಿಯ ತುಣುಕು.

ಇನ್ನು ಡಕಾರ ರಕಾರವಾದ ಬಗೆ. ಇದನ್ನು ಉರ್ದು ಓದಬಲ್ಲವರಿಗೆ ವಿವರಿಸುವುದು ಸುಲಭ. 'ಘೋಡಾ', 'ಪಹಾಡ್' ಎಂಬಲ್ಲಿ ಬರುವ ಡಕಾರವನ್ನು ಉರ್ದುವಿನಲ್ಲಿ ಬರೆಯುವಾಗ 'ರೆ' ಅಕ್ಷರವನ್ನೇ ಬರೆದು ಅದರ ತಲೆಯ ಮೇಲೆ ಪುಟ್ಟ 'ತೋಯ್' ಇಡುತ್ತಾರೆ. ನಾಲಿಗೆಯನ್ನು ಮೇಲಕ್ಕೆ ಮಡಿಸಿ ಬೇಗ ಬಿಟ್ಟರೆ ಡಕಾರ ರಕಾರದ ನೆರೆಮನೆಗೆ ಹೋಗಿಬಿಡುತ್ತದೆ. ಹಿಂದಿಯ 'ಸಾಡಿ' ಇಂಗ್ಲಿಷಿನಲ್ಲಿ 'ಸಾರಿ' ಆದದ್ದು ಹೀಗೆಯೇ. ಮಡಿಸಿದ ನಾಲಿಗೆಯ ಅಭ್ಯಾಸವಿಲ್ಲದ ಪೋರ್ಚುಗೀಸ್ ನಾವಿಕ ತನಗೆ ಕೇಳಿದ್ದನ್ನು ಬರೆದುಕೊಂಡ. ತಪ್ಪು ಕೇಳಿಸಿಕೊಂಡ ಎನ್ನುವುದಕ್ಕಿಂತ ತನ್ನ ಕಿವಿಯಿದ್ದಷ್ಟು ಕೇಳಿಸಿಕೊಂಡ ಎನ್ನುವುದು ಸರಿ.

ಪೋರ್ಚುಗೀಸರು ಬರುವ ಮೊದಲು ಅಡಿಕೆಗೆ ಪರದೇಶದಲ್ಲಿ ಹೆಸರೇ ಇರಲಿಲ್ಲವೇ ಎಂದರೆ, ಇತ್ತು. ಕಥೆ ಸ್ವಾರಸ್ಯವಾಗುವುದೇ ಇಲ್ಲಿ. ಅರಬರು ಅಡಿಕೆಯನ್ನು 'ಫೌಫಲ್' ಎನ್ನುತ್ತಿದ್ದರು, ಈಗಲೂ ಎನ್ನುತ್ತಾರೆ. ಸಂಸ್ಕೃತದ 'ಪೂಗಫಲ' ಪಾರಸಿ ನುಡಿಯ ಮೂಲಕ ಅರಬ್ಬಿಗೆ ಹೋಗಿ ಈ ರೂಪ ಪಡೆಯಿತು. ಅರಬ್ಬಿಯಲ್ಲಿ ಪಕಾರವಿಲ್ಲ, ಫಕಾರವಿದೆ. ಮರಾಠಿಯವರು ಅಡಿಕೆಗೆ 'ಪೋಫಳ' ಎನ್ನುವುದನ್ನು ಕೇಳಿದವರಿಗೆ ಫೌಫಲ್ ಎಷ್ಟು ಹತ್ತಿರದ್ದು ಎಂಬುದು ಗೊತ್ತಾಗುತ್ತದೆ. ಎಲೆಗೆ ಅವರು 'ತಂಬೂಲ್' ಎಂದರು. ಅದು ನಮ್ಮ ತಾಂಬೂಲವೇ.

ಹದಿನಾಲ್ಕನೇ ಶತಮಾನದ ಪ್ರವಾಸಿ ಇಬ್ನ್ ಬತೂತ ಈ ಎರಡೂ ಹೆಸರುಗಳನ್ನು ಬಳಸಿ ಎಲೆಅಡಿಕೆಯ ಬಗ್ಗೆ ವಿವರವಾಗಿ ಬರೆದಿದ್ದಾನೆ. ಫೌಫಲ್ ಜಾಯಿಕಾಯಿಯಂತಿರುತ್ತದೆ, ಅದನ್ನು ಸಣ್ಣಗೆ ಚೂರು ಮಾಡಿ ಬಾಯಿಗೆ ಹಾಕಿಕೊಳ್ಳುತ್ತಾರೆ, ಆಮೇಲೆ ಎಲೆಗೆ ಸುಣ್ಣ ಸವರಿ ಜಗಿಯುತ್ತಾರೆ ಎನ್ನುತ್ತಾನೆ. ಹಿಂದೂಸ್ತಾನದವರಿಗೆ ಬೆಳ್ಳಿ ಬಂಗಾರಕ್ಕಿಂತ ಎಲೆ ಕೊಡುವುದೇ ದೊಡ್ಡ ಮರ್ಯಾದೆ ಎಂಬುದನ್ನೂ ಗಮನಿಸಿದ್ದಾನೆ. ಇದೇ ಇಬ್ನ್ ಬತೂತ ಹೊನ್ನಾವರವನ್ನು 'ಹಿನೌರ್' ಎಂದು ಕರೆದು, ಅಲ್ಲಿನ ಹೆಣ್ಣುಮಕ್ಕಳು ಕುರ್‌ಆನ್ ಕಂಠಪಾಠ ಮಾಡಿರುತ್ತಾರೆ, ಹೆಣ್ಣುಮಕ್ಕಳ ಮದರಸಾಗಳೇ ಊರಿನಲ್ಲಿ ಹದಿಮೂರು ಇವೆ ಎಂದು ಬೆರಗಿನಿಂದ ಬರೆದವನು. ನಮ್ಮ ಬಿ.ಎಚ್. ರಸ್ತೆ ಹೋಗಿ ಮುಟ್ಟುವುದು ಆ ಊರಿಗೆ. ಅವನಿಗಿಂತ ನೂರು ವರ್ಷ ತಡವಾಗಿ, 1443ರಲ್ಲಿ, ಹೆರಾತಿನ ದೊರೆ ಶಾರುಖನ ರಾಯಭಾರಿಯಾಗಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕ್ ಕೂಡ ಎಲೆಅಡಿಕೆಯನ್ನು ಹೊಗಳಿದ. ಫೌಫಲ್‌ಗೆ 'ಸುಪಾರಿ' ಎಂಬ ಇನ್ನೊಂದು ಹೆಸರಿದೆ ಎಂಬುದನ್ನೂ ಅವನು ಬರೆದಿಟ್ಟಿದ್ದಾನೆ. ನಮ್ಮ ದಖನಿ ಮನೆಗಳಲ್ಲಿ ಇಂದಿಗೂ ಇರುವ ಹೆಸರು ಇದೇ.

ಹೀಗೆ ಫೌಫಲ್ ಎಂಬ ಹೆಸರಿಗೆ ಅಷ್ಟೊಂದು ಹಳೆಯ, ಗಟ್ಟಿಯಾದ ವ್ಯಾಪಾರದ ದಾರಿ ಇದ್ದರೂ ಯುರೋಪಿನಲ್ಲಿ ನಿಂತದ್ದು ಅರೆಕಾ. ಎರಡೂ ಹೆಸರುಗಳು ಎದುರುಬದುರಾದ ಒಂದು ಜಾಗ ಸಿಗುತ್ತದೆ. ಲುಡೊವಿಕೊ ದಿ ವಾರ್ತೆಮಾ ಎಂಬ ಇಟಲಿಯವನು 1510ರಲ್ಲಿ ರೋಮಿನಲ್ಲಿ ತನ್ನ ಪ್ರವಾಸದ ಕಥನವನ್ನು ಅಚ್ಚು ಹಾಕಿಸಿದ. ಅವನು ಎಲೆಯೊಡನೆ ತಿನ್ನುವ ಹಣ್ಣಿಗೆ 'ಕೊಫೊಲೊ' ಎಂದೂ, ಅದು ಬಿಡುವ ಮರಕ್ಕೆ 'ಅರೆಕಾ' ಎಂದೂ ಹೇಳುತ್ತಾನೆ. ಕೊಫೊಲೊ ಎಂದರೆ ಕಿವಿ ತಪ್ಪಿದ ಫೌಫಲ್. ಹಣ್ಣಿನ ಹೆಸರು ಅರಬ್ಬಿಯದು, ಮರದ ಹೆಸರು ಮಲಬಾರಿನದು! ಬಂದರಿನ ಗೋದಾಮಿನಲ್ಲಿ ಮೂಟೆ ಕಟ್ಟಿದ್ದ ಅಡಿಕೆಯ ಹೆಸರನ್ನು ಅವನು ಅರಬ ವ್ಯಾಪಾರಿಗಳಿಂದಲೂ, ತೋಟದಲ್ಲಿ ನಿಂತ ಮರದ ಹೆಸರನ್ನು ಊರವರಿಂದಲೂ ಕೇಳಿರಬೇಕು ಎಂದು ನಮಗೆ ತೋರುತ್ತದೆ. ಊರವನು 'ಅಡಕ್ಕ' ಎಂದು ಬೆರಳು ತೋರಿಸಿದ್ದು ಕಾಯಿಗೊಂಚಲಿಗೆ. ಪರದೇಶಿ ನೋಡಿದ್ದು ಇಡೀ ಮರವನ್ನು. ಕಾಯಿ ಎಂಬುದನ್ನು ಹೆಸರಿನೊಳಗೇ ಇಟ್ಟುಕೊಂಡಿರುವ ಪದ ಮರದ ಹೆಸರಾಗಿಬಿಟ್ಟಿತು.

ಫ್ರೆಂಚರು ಇದನ್ನು ಮತ್ತೆ ಕಾಯಿಗೆ ಮರಳಿಸಿದರು. ಅವರ ಭಾಷೆಯಲ್ಲಿ ಹಣ್ಣಿನ ಹೆಸರಿಗೆ ಬಾಲ ಜೋಡಿಸಿ ಮರದ ಹೆಸರು ಮಾಡುವ ಪದ್ಧತಿ. ಸೇಬು 'ಪೊಮ್', ಸೇಬಿನ ಮರ 'ಪೊಮ್ಯೇ'. ಹಾಗೆಯೇ ಹಣ್ಣು 'ಅರೆಕ್', ಮರ 'ಅರೆಕ್ಯೇ'. ಹಳೆಯ ಗೊಂದಲದ ಗುರುತೂ ಅಳಿಸಿಲ್ಲ. ಫ್ರೆಂಚ್ ನಿಘಂಟುಗಳು ಅರೆಕ್ ಪದಕ್ಕೆ ಹಣ್ಣಿನ ಜೊತೆಗೆ ಮರ ಎಂಬ ಅರ್ಥವನ್ನೂ ಕೊಡುತ್ತವೆ.

ವಾರ್ತೆಮಾನ ಬಗ್ಗೆ ಇನ್ನೊಂದು ಮಾತು ಹೇಳಬೇಕು. ಅವನು ಕ್ರಿಶ್ಚಿಯನ್. ಆದರೆ 1503ರಲ್ಲಿ ಮುಸ್ಲಿಮನ ವೇಷದಲ್ಲಿ, ಯೂನುಸ್ ಎಂಬ ಹೆಸರಿಟ್ಟುಕೊಂಡು ಮಕ್ಕಾ ಹೊಕ್ಕು ಬಂದವನು. ಭಾರತದ ಕರಾವಳಿಯಲ್ಲೂ ಅದೇ ವೇಷ ಅವನಿಗೆ ಅನ್ನ ಹಾಕಿತು. ಮಸೀದಿಯ ನೆರಳಿನಲ್ಲಿ ಮಲಗಿ, ಮುಸ್ಲಿಮ್ ವ್ಯಾಪಾರಿಗಳ ಮನೆಯಲ್ಲಿ ಉಂಡು, ಕೊನೆಗೆ ಪೋರ್ಚುಗೀಸರ ಕಡೆ ಸೇರಿಕೊಂಡ. ಅವನ ನಂಬಿಕೆದ್ರೋಹದ ಬಗ್ಗೆ ಸಿಟ್ಟು ಬರುವುದು ಸಹಜ. ಆದರೆ ಕೊಫೊಲೊ ಎಂಬ ಪದ ಅವನ ಪುಸ್ತಕದಲ್ಲಿ ಕೂತಿರುವುದು ಆ ಮನೆಗಳಲ್ಲಿ ಅವನಿಗೆ ಸಿಕ್ಕ ಎಲೆಅಡಿಕೆಯ ಉಪಚಾರದಿಂದಲೇ ಇರಬೇಕು.

ಹೆಸರನ್ನು ಯುರೋಪಿನ ವೈದ್ಯರ ಕೈಗೆ ದಾಟಿಸಿದವನ ಕಥೆ ಇದಕ್ಕಿಂತ ಕಹಿಯಾದದ್ದು. ಗಾರ್ಸಿಯಾ ದ ಓರ್ತಾ ಎಂಬ ಪೋರ್ಚುಗೀಸ್ ವೈದ್ಯ ಗೋವಾದಲ್ಲಿದ್ದ. ಅಹಮದ್‌ನಗರದ ಬುರ್ಹಾನ್ ನಿಜಾಮ್ ಶಾಹನ ಆಸ್ಥಾನಕ್ಕೆ ಹೋಗಿಬಂದು, ಅಲ್ಲಿನ ಹಕೀಮರೊಡನೆ ಕೂತು ಗಿಡಮೂಲಿಕೆಗಳ ಬಗ್ಗೆ ಚರ್ಚಿಸುತ್ತಿದ್ದವನು. 1563ರಲ್ಲಿ ಗೋವಾದಲ್ಲೇ ಅಚ್ಚಾದ ಅವನ ಪುಸ್ತಕ ಭಾರತದ ಔಷಧಿ ವಸ್ತುಗಳನ್ನು ಕುರಿತ ಮಾತುಕತೆಯ ರೂಪದಲ್ಲಿದೆ. ಅಲ್ಲಿ ಅಡಿಕೆಗೆ ಒಂದು ಪ್ರಸಂಗವೇ ಇದೆ. ಅರಬರು ಏನೆನ್ನುತ್ತಾರೆ, ಮಲಬಾರಿನ ಸಾಮಾನ್ಯರು ಏನೆನ್ನುತ್ತಾರೆ, ನಾಯರರು ಏನೆನ್ನುತ್ತಾರೆ ಎಂದು ಹೆಸರುಗಳನ್ನು ಬಿಡಿಸಿ ಕೊಡುತ್ತಾನೆ. ಸಾಮಾನ್ಯರ ಹೆಸರು 'ಪಾಕ್'. ಅದು ತಮಿಳಿನ 'ಪಾಕ್ಕು'. 'ಅರೆಕಾ' ಎಂಬುದು ನಾಯರರ ಮಾತು. ಅಂದರೆ ಪೋರ್ಚುಗೀಸರು ಊರಿನ ದೊಡ್ಡವರ ಹೆಸರನ್ನು ಆರಿಸಿಕೊಂಡಿದ್ದರು. ಜಗತ್ತಿನಲ್ಲಿ ಉಳಿದದ್ದೂ ಅದೇ. ಕೊನೆ ಕೊಯ್ದವನು, ಸುಲಿದವನು, ಹೊತ್ತವನು ಏನೆಂದನೋ ಅದು ಬಂದರಿನಲ್ಲೇ ಉಳಿಯಿತು.

ಓರ್ತಾ ಹುಟ್ಟಿನಿಂದ ಯಹೂದಿ ಮನೆತನದವನು. ಬಲವಂತದಿಂದ ಕ್ರಿಶ್ಚಿಯನ್ ಮತಕ್ಕೆ ಸೇರಿಸಲ್ಪಟ್ಟವರ ಮಗ. ಬದುಕಿದ್ದಷ್ಟು ಕಾಲ ಅವನಿಗೆ ತೊಂದರೆಯಾಗಲಿಲ್ಲ. 1568ರಲ್ಲಿ ತೀರಿಕೊಂಡ. ಮರುವರ್ಷ ಗೋವಾದ ಮತನ್ಯಾಯಾಲಯ ಅವನ ತಂಗಿ ಕಟರೀನಾಳನ್ನು ಗುಟ್ಟಾಗಿ ಯಹೂದಿ ಧರ್ಮ ಪಾಲಿಸಿದಳೆಂದು ಜೀವಂತ ಸುಟ್ಟಿತು. 1580ರಲ್ಲಿ ಓರ್ತಾನ ಗೋರಿ ಅಗೆದು ಎಲುಬುಗಳನ್ನು ತೆಗೆದು ಸುಟ್ಟರು. ಅಡಿಕೆಯ ಹೆಸರನ್ನು ಯುರೋಪಿಗೆ ಒಯ್ದವರಲ್ಲಿ ಒಬ್ಬ ಮುಸ್ಲಿಮನಂತೆ ನಟಿಸಿದ ಕ್ರಿಶ್ಚಿಯನ್, ಇನ್ನೊಬ್ಬ ಕ್ರಿಶ್ಚಿಯನ್ ಆಗಿ ಬದುಕಬೇಕಾಗಿ ಬಂದ ಯಹೂದಿ. ಅಡಿಕೆಯ ಹೆಸರನ್ನು ಅಷ್ಟು ಎಚ್ಚರದಿಂದ ಬರೆದಿಟ್ಟ ಈ ಇಬ್ಬರಿಗೂ ತಮ್ಮ ತಮ್ಮ ಹೆಸರನ್ನು ಬಾಯಿಬಿಟ್ಟು ಹೇಳುವ ಸ್ವಾತಂತ್ರ್ಯ ಇರಲಿಲ್ಲ.

ಓರ್ತಾನ ಪುಸ್ತಕವನ್ನು ಸಸ್ಯಶಾಸ್ತ್ರಜ್ಞ ಕ್ಲೂಸಿಯಸ್ 1567ರಲ್ಲಿ ಲ್ಯಾಟಿನ್ ಭಾಷೆಗೆ ಸಂಗ್ರಹಿಸಿದ. ಅದನ್ನು ಫ್ರೆಂಚಿಗೆ ತಂದವನು ಆಂತ್ವಾನ್ ಕೊಲಾಂ, ಲಿಯೋಂ ನಗರದ ಒಬ್ಬ ಔಷಧಿ ಅಂಗಡಿಯವನು. 1602ರಲ್ಲಿ ಲಿಯೋಂನಲ್ಲಿ ಅದು ಅಚ್ಚಾಯಿತು. ಕಾಕತಾಳೀಯವೆಂದರೆ ಅದೇ 1602ರಲ್ಲಿ ಫ್ರಾನ್ಸ್ವಾ ಪಿರಾರ್ ಎಂಬ ಫ್ರೆಂಚ್ ನಾವಿಕನ ಹಡಗು ಮಾಲ್ಡೀವ್ಸ್ ದ್ವೀಪಗಳ ಬಳಿ ಒಡೆದು, ಅವನು ಅಲ್ಲಿನ ಸುಲ್ತಾನನ ಕೈಯಲ್ಲಿ ಐದು ವರ್ಷ ಸೆರೆಯಾಳಾಗಿ ಉಳಿದ. ಆ ಊರ ಭಾಷೆ ಕಲಿತ. ಎಲೆಅಡಿಕೆ ಜಗಿಯುವ ಜನರ ನಡುವೆ ಬದುಕಿ, ಊರಿಗೆ ಮರಳಿ 1611ರಲ್ಲಿ ತನ್ನ ಕಥೆ ಪ್ರಕಟಿಸಿದ. ಹೀಗೆ ಒಂದು ಕಡೆ ಪುಸ್ತಕದಿಂದ, ಇನ್ನೊಂದು ಕಡೆ ಕಣ್ಣಾರೆ ಕಂಡವನಿಂದ ಫ್ರೆಂಚರಿಗೆ ಈ ಹಣ್ಣಿನ ಪರಿಚಯವಾಯಿತು. ಮುಂದೆ ಮಾಹೆ, ಪಾಂಡಿಚೇರಿಗಳಲ್ಲಿ ಅವರು ನೆಲೆ ಊರಿದರು, ವಿಯೆಟ್ನಾಮನ್ನು ಆಳಿದರು. ವಿಯೆಟ್ನಾಮಿನಲ್ಲೂ ಮದುವೆಯ ಮಾತು ಎಲೆಅಡಿಕೆಯಿಂದಲೇ ಶುರುವಾಗುತ್ತದೆ.

ಲಿನ್ನೇಯಸ್ 1753ರಲ್ಲಿ ಗಿಡಮರಗಳಿಗೆಲ್ಲ ಶಾಸ್ತ್ರೀಯ ಹೆಸರು ಕೊಟ್ಟಾಗ ಅಡಿಕೆ ಮರಕ್ಕೆ 'ಅರೆಕಾ ಕಟೆಚು' ಎಂದು ನಾಮಕರಣ ಮಾಡಿದ. ಅವನಿಗೆ ಬೇರೆ ಹೆಸರೂ ಸಿಗಬಹುದಿತ್ತು. 1678ರಲ್ಲಿ ಹೊರಬರಲು ಆರಂಭಿಸಿದ ಡಚ್ಚರ 'ಹೋರ್ಟುಸ್ ಮಲಬಾರಿಕುಸ್' ಎಂಬ ದೊಡ್ಡ ಸಸ್ಯಗ್ರಂಥ ಈ ಮರವನ್ನು 'ಕೌಂಗ' ಎಂದು ಕರೆದಿತ್ತು. ಇದು ಹಳಗನ್ನಡದ 'ಕೌಂಗು', ತುಳುವರ 'ಕಂಗು'. ಲಿನ್ನೇಯಸ್ ಅದನ್ನು ಬಿಟ್ಟು ಅರೆಕಾ ಹಿಡಿದ. ಇನ್ನು 'ಕಟೆಚು' ಎಂದರೇನು? ನಮ್ಮ ಕಾಚು! ಎಲೆಅಡಿಕೆಗೆ ಹಚ್ಚುವ ಕಾಚು ಕಗ್ಗಲಿ ಮರದ ಚಕ್ಕೆ ಕುದಿಸಿ ತೆಗೆಯುವಂಥದ್ದು. ಅದು ಅಡಿಕೆಯಿಂದಲೇ ಬರುತ್ತದೆ ಎಂದು ಯುರೋಪಿನವರು ಬಹುಕಾಲ ತಿಳಿದಿದ್ದರು. ಪೂರ್ಣ ತಪ್ಪೆಂದು ತಳ್ಳಿಹಾಕುವಂತೆಯೂ ಇಲ್ಲ. ಮೈಸೂರು ಸೀಮೆಯ ಶಿರಾ ಕಡೆ ಅಡಿಕೆಯನ್ನೇ ಕುದಿಸಿ ಕಾಚಿನಂಥ ಸಾರ ತೆಗೆಯುತ್ತಿದ್ದುದನ್ನು ಬೆಂಜಮಿನ್ ಹೈನೆ 1814ರ ತನ್ನ ಪುಸ್ತಕದಲ್ಲಿ ವಿವರಿಸಿದ್ದಾನೆ. ತರೀಕೆರೆ ಕಡೆಯವರಿಗೆ ಇದರಲ್ಲಿ ಅಚ್ಚರಿಯಿಲ್ಲ. ಹಸಿ ಅಡಿಕೆ ಬೇಯಿಸಿದ ಹಂಡೆಯ ತಳದಲ್ಲಿ ಉಳಿಯುವ ಕೆಂಪು ಚೊಗರನ್ನು ನಾವು ಚೆಲ್ಲುವುದಿಲ್ಲ. ಮುಂದಿನ ಅಡಿಕೆಗೆ ಬಣ್ಣ ಬರಲು ಬೇಕು.

ಆ ಕಾಚು ಫ್ರೆಂಚಿನಲ್ಲಿ 'ಕಾಶೂ' ಆಗಿದೆ. 1880ರಲ್ಲಿ ತುಲೂಸ್ ನಗರದ ಲಾಜೋನಿ ಎಂಬ ಔಷಧಿ ಅಂಗಡಿಯವನು ಬಾಯಿಯ ವಾಸನೆ ಹೋಗಲು ಕಾಶೂ ಎಂಬ ಕಪ್ಪನೆಯ ಪುಟ್ಟ ಗುಳಿಗೆಗಳನ್ನು ತಯಾರಿಸಿದ. ಅಂಗಿಯ ಜೇಬಿನಲ್ಲಿ ಹಿಡಿಸುವ ಹಳದಿ ಬಣ್ಣದ ಗುಂಡು ಡಬ್ಬಿಯಲ್ಲಿ ಮಾರಿದ. ಫ್ರೆಂಚರ ಮಟ್ಟಿಗೆ ಅದೊಂದು ಮನೆಮಾತು. ಊಟವಾದ ಮೇಲೆ ಬಾಯಿಗೆ ಏನಾದರೂ ಹಾಕಿಕೊಳ್ಳಬೇಕು ಎಂಬ ನಮ್ಮ ಅಜ್ಜಿಯರ ಚಪಲ ಅಲ್ಲಿಗೂ ಹೋಯಿತು ಎನ್ನೋಣವೇ? ಗೋಡಂಬಿಗೆ ಫ್ರೆಂಚಿನಲ್ಲಿರುವ 'ಕಾಜು' ಬೇರೆ, ಇದು ಬೇರೆ. ಅದು ಬ್ರೆಜಿಲಿನ ಪದ. ಗೇರುಹಣ್ಣಿನ ಜೊತೆಗೇ ಪೋರ್ಚುಗೀಸರು ಅದನ್ನು ಇತ್ತ ತಂದದ್ದು.

ಇಷ್ಟು ಹೊತ್ತಿಗೆ ಅರೆಕಾ ಎಂಬ ಹೆಸರು ಅಡಿಕೆಯನ್ನು ದಾಟಿ ಬಹಳ ದೂರ ಹೋಗಿತ್ತು. ತೆಂಗು, ತಾಳೆ, ಈಚಲು, ಬಗನಿ, ಖರ್ಜೂರ ಎಲ್ಲವೂ ಸೇರಿದ ಇಡೀ ಸಸ್ಯಕುಟುಂಬಕ್ಕೆ ವಿಜ್ಞಾನಿಗಳು ಇಟ್ಟ ಹೆಸರು 'ಅರೆಕೇಸಿಯೆ'. ಎಂದರೆ ಅಡಿಕೆಯ ಮನೆತನ. ಕಡೂರಿನ ತೆಂಗಿನ ತೋಟದವರು ಇದನ್ನು ಕೇಳಿದರೆ ಒಪ್ಪಲಿಕ್ಕಿಲ್ಲ. ಅವರ ಕಣ್ಣಿಗೆ ತೆಂಗೇ ಹಿರಿಯಣ್ಣ. ರಂಜಾನಿನ ಇಫ್ತಾರಿಗೆ ಮದೀನಾದ ಖರ್ಜೂರ ಬಾಯಿಗಿಡುವಾಗ ಅದೂ ಶಾಸ್ತ್ರದ ಪ್ರಕಾರ ಅಡಿಕೆಯ ಮನೆಯದೇ ಎಂದು ಯಾರಿಗೆ ನೆನಪಾಗುತ್ತದೆ? ಹಾಗೆಯೇ ಮಡಗಾಸ್ಕರಿನ ಒಂದು ಸಣ್ಣ ತಾಳೆಜಾತಿಯ ಗಿಡವನ್ನು ಹಿಂದೆ ಅರೆಕಾ ಜಾತಿಯೆಂದು ಎಣಿಸಿದ್ದರು. ಆಮೇಲೆ ಸಸ್ಯಶಾಸ್ತ್ರಜ್ಞರು ಅದನ್ನು ಬೇರೆಡೆಗೆ ಸೇರಿಸಿದರು. ಆದರೆ ಗಿಡ ಮಾರುವವರು ಹಳೆಯ ಹೆಸರು ಬಿಡಲಿಲ್ಲ. ಪ್ಯಾರಿಸ್ಸಿನ ಮನೆಗಳ ಕಿಟಕಿಯ ಬಳಿ ಇರುವ 'ಅರೆಕಾ' ಅದು. ಬಿ.ಎಚ್. ರಸ್ತೆಯ ಬದಿಯ ಹುಡುಗ ನಮಗೆ ತೋರಿಸಿದ 'ಷೋ ಗಿಡ'ವೂ ಅದೇ. ಅಡಿಕೆಯ ಸೀಮೆಗೆ ಅಡಿಕೆಯ ಹೆಸರು ಅಡಿಕೆಯಲ್ಲದ ಗಿಡಕ್ಕೆ ಅಂಟಿಕೊಂಡು ಮರಳಿ ಬಂದಿದೆ.

ಮರಳಿ ಬಂದ ಇನ್ನೊಂದು ರೂಪ ಇಷ್ಟು ತಮಾಷೆಯದಲ್ಲ. ಹತ್ತೊಂಬತ್ತನೇ ಶತಮಾನದಲ್ಲಿ ಯುರೋಪಿನ ಪಶುವೈದ್ಯರು ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಅಡಿಕೆ ಪುಡಿ ಕೊಡುತ್ತಿದ್ದರು. ಅದರಲ್ಲಿ ಕೆಲಸ ಮಾಡುವ ಅಂಶ ಯಾವುದೆಂದು ಹುಡುಕಿದ ಜರ್ಮನಿಯ ರಸಾಯನತಜ್ಞ ಯಾನ್ಸ್ 1888ರಲ್ಲಿ ಒಂದು ಕ್ಷಾರವಸ್ತುವನ್ನು ಬೇರ್ಪಡಿಸಿ 'ಅರೆಕೋಲೀನ್' ಎಂದು ಹೆಸರಿಟ್ಟ. ಅಡಿಕೆ ಹಾಕಿಕೊಂಡಾಗ ಮೈ ಬೆಚ್ಚಗಾಗುವುದು, ಹಣೆಯಲ್ಲಿ ಬೆವರು ಮೂಡುವುದು, ಬಾಯಲ್ಲಿ ನೀರೂರುವುದು ಇದರಿಂದ. ಬಿಡಲಾಗದ ಚಟವಾಗುವುದಕ್ಕೂ ಇದೇ ಮುಖ್ಯ ಕಾರಣವೆನ್ನುತ್ತಾರೆ.

ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಅಂತಾರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಇರುವುದು ಲಿಯೋಂ ನಗರದಲ್ಲಿ. 1602ರಲ್ಲಿ ಅಡಿಕೆಯ ಕಥೆ ಫ್ರೆಂಚಿನಲ್ಲಿ ಅಚ್ಚಾದ ಅದೇ ಲಿಯೋಂ. ಅಡಿಕೆ ಮನುಷ್ಯರಲ್ಲಿ ಕ್ಯಾನ್ಸರ್ ತರುವ ವಸ್ತು, ತಂಬಾಕು ಸೇರದಿದ್ದರೂ ಎಲೆಅಡಿಕೆ ಅಪಾಯಕಾರಿಯೇ ಎಂಬ ತೀರ್ಮಾನವನ್ನು ಆ ಸಂಸ್ಥೆ 2004ರಲ್ಲಿ ಪ್ರಕಟಿಸಿತು. ಕೆನ್ನೆಯ ಒಳಪದರ ಬಿಗಿದುಕೊಂಡು ಬಾಯಿ ತೆರೆಯಲಾಗದ ಕಾಯಿಲೆಗೂ ಅಡಿಕೆಯೇ ಕಾರಣವೆಂದು ವೈದ್ಯರು ಹೇಳುತ್ತಾರೆ. ಗುಟ್ಕಾದ ಪೊಟ್ಟಣ ಬಂದ ಮೇಲೆ ಹದಿನೆಂಟು ಇಪ್ಪತ್ತರ ಹುಡುಗರಲ್ಲೂ ಅದು ಕಾಣಿಸಿಕೊಂಡಿತು. ಕರ್ನಾಟಕದಲ್ಲಿ ಗುಟ್ಕಾ ನಿಷೇಧವಾದದ್ದು 2013ರಲ್ಲಿ. ಪಾನ್ ಮಸಾಲೆಯ ಒಂದು ಪೊಟ್ಟಣ, ತಂಬಾಕಿನ ಒಂದು ಪೊಟ್ಟಣ ಬೇರೆಬೇರೆಯಾಗಿ ಕೊಂಡು ಅಂಗೈಯಲ್ಲಿ ಬೆರೆಸುವ ವಿದ್ಯೆಯನ್ನು ನಮ್ಮ ಹುಡುಗರು ಬೇಗ ಕಲಿತರು.

ಅಡಿಕೆಗಾರರ ನಡುವೆ ಬದುಕುತ್ತಾ ಇದನ್ನು ಬರೆಯುವುದು ಸುಲಭವಲ್ಲ. ಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ತರೀಕೆರೆ ಸುತ್ತಲಿನ ಎಷ್ಟೋ ಮನೆಗಳ ಹೆಂಚು ಹೋಗಿ ತಾರಸಿ ಬಂದದ್ದು, ಮಕ್ಕಳು ಇಂಜಿನಿಯರಿಂಗ್ ಓದಿದ್ದು ಅಡಿಕೆಯಿಂದ. ತೋಟ ಇರುವವರು ಮಾತ್ರವಲ್ಲ. ಕೊನೆಗಾರರು, ಮೆಟ್ಟುಗತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರು, ತೋಟದ ಫಸಲನ್ನು ಮರದ ಮೇಲಿರುವಾಗಲೇ ಖೇಣಿ ಹಿಡಿಯುವವರು, ಲಾರಿಯವರು. ಖೇಣಿ ಹಿಡಿಯುವವರಲ್ಲಿ, ಸುಲಿಯುವವರಲ್ಲಿ ನಮ್ಮ ಜನರೂ ಇದ್ದಾರೆ. ಅವರ ನಿಘಂಟಿನಲ್ಲಿ ಅಡಿಕೆ ಎಂಬ ಒಂದೇ ಪದ ಸಾಲದು. ರಾಶಿ, ಬೆಟ್ಟೆ, ಸರಕು, ಗೊರಬಲು, ಗೋಟು, ಕರಾವಳಿಯ ಚಾಲಿ ಎಂದು ಒಂದೊಂದಕ್ಕೂ ಒಂದು ಹೆಸರು, ಒಂದೊಂದು ಹೆಸರಿಗೂ ಒಂದು ರೇಟು. ಈ ಪದಗಳಲ್ಲಿ ಯಾವುದೂ ಹಡಗು ಹತ್ತಲಿಲ್ಲ.

ಅರ್ಥ ಬದಲಾದದ್ದು ಫ್ರೆಂಚರ ಅರೆಕ್ ಒಂದಕ್ಕೇ ಅಲ್ಲ. 'ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು' ಎಂಬ ಗಾದೆಯಲ್ಲಿ ಅಡಿಕೆ ಅತಿ ಸಣ್ಣದರ ಅಳತೆ. ಎಲೆಅಡಿಕೆ ಕೊಟ್ಟು ಕರೆದರು ಎಂಬಲ್ಲಿ ಅದೇ ದೊಡ್ಡ ಮರ್ಯಾದೆ. ನಮ್ಮ ಮನೆಗಳಲ್ಲಿ ಹಿಂದೆ ಪಾನ್‌ದಾನ್ ಇಲ್ಲದ ನಿಶ್ಚಿತಾರ್ಥ ಇರಲಿಲ್ಲ. ನಾನಿಯರು ಸರೋತಾ ಹಿಡಿದು ಸುಪಾರಿಯನ್ನು ಕೂದಲೆಳೆಯಷ್ಟು ತೆಳುವಾಗಿ ಕತ್ತರಿಸುತ್ತಿದ್ದರು. ಪಕ್ಕದ ಮನೆಯ ಅಜ್ಜಿಯ ಕೈಯಲ್ಲಿ ಅದೇ ಸರೋತಾ ಅಡಕತ್ತರಿ ಆಗಿತ್ತು. ಎರಡೂ ಒಂದೇ ಕಮ್ಮಾರನ ಕುಲುಮೆಯಿಂದ ಬಂದವು. ಅದೇ ಸುಪಾರಿ ಇವತ್ತು ಪತ್ರಿಕೆಗಳಲ್ಲಿ 'ಸುಪಾರಿ ಕೊಲೆ' ಎಂದು ಅಚ್ಚಾಗುತ್ತದೆ. ವೀಳ್ಯ ಕೊಟ್ಟು ಕೆಲಸ ಒಪ್ಪಿಸುವ ಹಳೆಯ ಪದ್ಧತಿ ಮುಂಬಯಿಯ ಭೂಗತರ ಬಾಯಿಗೆ ಬಿದ್ದು ಹೀಗಾಯಿತು. ಮದುವೆ ಗೊತ್ತುಮಾಡುವ ಪದದಲ್ಲೇ ಸಾವನ್ನೂ ಗೊತ್ತುಮಾಡುತ್ತಾರೆ. ಅರೆಕ್ ಎಂಬುದರೊಳಗೆ ಅರೆಕೋಲೀನ್ ಕೂತಿರುವುದು ಇದಕ್ಕಿಂತ ವಿಚಿತ್ರವೇನಲ್ಲ.

ಈಚೆಗೆ ಕೊಯ್ಲಿನ ಕಾಲದಲ್ಲಿ ಪರಿಚಯದ ಖೇಣಿದಾರರೊಬ್ಬರ ಶೆಡ್ಡಿಗೆ ಹೋಗಿದ್ದೆವು. ಹಂಡೆ ಕುದಿಯುತ್ತಿತ್ತು. ಸುಲಿದ ಅಡಿಕೆಯ ಒಗರು ವಾಸನೆ ಅಂಗಳವೆಲ್ಲ ತುಂಬಿತ್ತು. ಓದಿದ್ದನ್ನೆಲ್ಲ ಅವರಿಗೆ ಹೇಳಿದೆವು. ವಾರ್ತೆಮಾನದು, ಓರ್ತಾನದು, ಲಿಯೋಂನವರು 2004ರಲ್ಲಿ ಹೇಳಿದ್ದು. ಅವರು ಬೆಂಕಿಗೆ ಸೌದೆ ನೂಕುತ್ತಾ ಕೇಳಿಸಿಕೊಂಡರು. ತಾವು ಎಲೆಅಡಿಕೆ ಬಿಟ್ಟು ಮೂರು ವರ್ಷವಾಯಿತೆಂದೂ, ಡಾಕ್ಟರು ಬಾಯಿ ನೋಡಿ ಬೈದಿದ್ದರೆಂದೂ ಹೇಳಿದರು. ಹಿರಿಮಗನನ್ನು ಈ ಕಸುಬಿಗೆ ಹಚ್ಚುವುದೋ ಬೇಡವೋ ಎಂದು ಇನ್ನೂ ತೀರ್ಮಾನಿಸಿಲ್ಲವಂತೆ. ಆಮೇಲೆ, 'ಆ ದೇಶದಲ್ಲಿ ಇದಕ್ಕೆ ಏನಂತಾರೆ ಅಂದ್ರಿ?' ಎಂದು ಕೇಳಿದರು. ಹೇಳಿದೆವು. 'ಅರೆಕ್, ಅರೆಕ್' ಎಂದು ಎರಡು ಸಲ ಬಾಯಲ್ಲಿ ಹೊರಳಿಸಿ ನೋಡಿ, ಜಾಲರಿ ಸೌಟಿನಲ್ಲಿ ನಾಲ್ಕು ಅಡಿಕೆ ಎತ್ತಿ ಬೆಂದಿದೆಯೇ ಎಂದು ಉಗುರಿನಿಂದ ಒತ್ತಿದರು.